ಮುದ್ದೆಯ ಕ್ಯಾಲೊರಿ ಎಣಿಸಬೇಡಿ: ಹದಿಹರೆಯದವರ ಊಟಕ್ಕೆ ಮೊಬೈಲನ್ನು ನೆರವಾಗಿಸಿಕೊಳ್ಳುವ ಬಗೆ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ಮೊಬೈಲಿಗೆ ನಾನೇ ಒಂದು ಆಪ್ ಹಾಕಿಕೊಟ್ಟೆ. ತಿಂದದ್ದನ್ನೆಲ್ಲ ಬರೆದರೆ ಅದು ಕ್ಯಾಲೊರಿ ಲೆಕ್ಕ ಹಾಕಿ ರಾತ್ರಿಯ ಹೊತ್ತಿಗೆ ಹಸಿರು ಬಣ್ಣವನ್ನೋ ಕೆಂಪು ಬಣ್ಣವನ್ನೋ ತೋರಿಸುತ್ತಿತ್ತು. ಮೊದಲ ದಿನವೇ ತೊಡಕು. ಅದಕ್ಕೆ ಮುದ್ದೆ ಗೊತ್ತಿರಲಿಲ್ಲ. ರಾಗಿ ಎಂದು ಹುಡುಕಿದರೆ ರಾಗಿ ಬಿಸ್ಕತ್ತು ತೋರಿಸಿತು. ಬಸ್ಸಾರನ್ನು ಯಾವುದೋ ಬೇಳೆ ಸೂಪಿನ ಜೊತೆ ಸೇರಿಸಿ, ಎಷ್ಟು ಕಪ್ ಎಂದು ಕೇಳಿತು. ನಮ್ಮ ಮನೆಯ ಮುದ್ದೆ ಅತ್ತೆಯವರ ಕೈಯಳತೆಯದ್ದು. ಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಬಾರ್‌ಕೋಡ್ ಇರುವ ಪೊಟ್ಟಣವನ್ನು ಮಾತ್ರ ಆ ಆಪ್ ಕಣ್ಣುಮಿಟುಕಿಸುವಷ್ಟರಲ್ಲಿ ಗುರುತಿಸುತ್ತಿತ್ತು. ಹತ್ತನೆಯ ದಿನದ ಹೊತ್ತಿಗೆ ಮಗಳು ಮುದ್ದೆ ಬಿಟ್ಟು ಬಿಸ್ಕತ್ತು ಹಿಡಿದಿದ್ದಳು. ಕಾರಣ ಕೇಳಿದರೆ, ‘ಅದರ ಲೆಕ್ಕ ಸುಲಭ ಅಮ್ಮ’ ಎಂದಳು. ಕೆಂಪು ಬಣ್ಣ ಬಂದ ಒಂದು ರಾತ್ರಿ ಊಟವನ್ನೇ ಬಿಟ್ಟಳು. ಅಂದೇ ಆಪ್ ತೆಗೆಸಿದೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಆಪ್ ಹಾಕಿಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ಆ ಹತ್ತು ದಿನಗಳಲ್ಲಿ ಹೋಯಿತು. ಆಮೇಲೆ ಮನೆಯಲ್ಲೂ ತರಗತಿಯಲ್ಲೂ ಬೇರೆ ಬೇರೆ ಬಗೆಯಲ್ಲಿ ಪ್ರಯತ್ನಿಸಿದೆ. ತಟ್ಟೆಯಲ್ಲಿರುವುದನ್ನು ಎಣಿಸುವ ಕೆಲಸಕ್ಕೆ ಮೊಬೈಲನ್ನು ಹಚ್ಚಿದರೆ ಮಕ್ಕಳು ಊಟಕ್ಕೆ ಹೆದರುತ್ತಾರೆ. ತಟ್ಟೆಗೆ ಏನು ಬರುತ್ತಿದೆ, ಯಾರು ಅದನ್ನು ಅಲ್ಲಿಗೆ ತಳ್ಳುತ್ತಿದ್ದಾರೆ ಎಂದು ನೋಡುವ ಕೆಲಸಕ್ಕೆ ಹಚ್ಚಿದರೆ ಅದೇ ಮಕ್ಕಳು ಪತ್ತೇದಾರರಾಗುತ್ತಾರೆ. ಕೆಳಗಿನದೆಲ್ಲ ಈ ಎರಡನೆಯ ದಾರಿಯ ವಿವರ. ಹನ್ನೆರಡರಿಂದ ಹದಿನೆಂಟರ ಒಳಗಿನ ಮಕ್ಕಳಿರುವ ಮನೆಗೂ, ಶಿಕ್ಷಕರಿಗೂ ಹೊಂದುತ್ತದೆ.

ಮೊದಲು, ಕೊರತೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ಆಹಾರದ ಆಪ್‌ಗಳಲ್ಲಿ ಬಹುಪಾಲು ತೂಕ ಇಳಿಸುವವರಿಗಾಗಿ ಮಾಡಿದವು. ನಮ್ಮ ಮಕ್ಕಳ ಕಥೆ ಬೇರೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದ ಭಾರತೀಯ ಮಕ್ಕಳಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ತೆಳ್ಳಗಿನವರು. ತೂಕ ಹೆಚ್ಚಿರುವವರು ಶೇ 5ರಷ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ 59 ಮಂದಿಗೆ ರಕ್ತಹೀನತೆ ಇತ್ತು, ಹುಡುಗರಲ್ಲಿ ಶೇ 31 ಮಂದಿಗೆ. ಪೇಟೆಯ ಶಾಲೆಗಳಲ್ಲಿ ಬೊಜ್ಜು ಕಣ್ಣಿಗೆ ಬೀಳುವಷ್ಟು ಹೆಚ್ಚುತ್ತಿದೆ, ನಿಜ. ಆದರೂ ನಮ್ಮ ತರಗತಿಯ ಹುಡುಗಿಗೆ ‘ಎಷ್ಟು ತಿಂದೆ’ ಎನ್ನುವುದಕ್ಕಿಂತ ‘ಕಬ್ಬಿಣದ ಅಂಶ ಬಂತೇ, ಬೇಳೆಕಾಳು ಬಂತೇ, ಬೆಳಿಗ್ಗೆ ಏನಾದರೂ ತಿಂದೆಯಾ’ ಎನ್ನುವುದೇ ಸರಿಯಾದ ಪ್ರಶ್ನೆ.

ಇನ್ನೊಂದು ಮಾತು. ದೊಡ್ಡವರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎನ್ನುವ ಅಂಕಿ) ಲೆಕ್ಕವನ್ನು ಬೆಳೆಯುವ ಮಕ್ಕಳಿಗೆ ಹಾಕಬಾರದು. ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆ ಬೇರೆಯೇ ಇದೆ, ಅದನ್ನು ವೈದ್ಯರು ನೋಡುತ್ತಾರೆ. ಅಂತರ್ಜಾಲದಲ್ಲಿ ಸಿಕ್ಕ ಲೆಕ್ಕಯಂತ್ರಕ್ಕೆ ಹದಿಮೂರರ ಹುಡುಗಿಯ ಎತ್ತರ, ತೂಕ ಹಾಕಿ ಬಂದ ಅಂಕಿಯನ್ನು ಅವಳ ಮುಂದೆ ಓದುವುದಕ್ಕಿಂತ ದೊಡ್ಡ ಅನಾಹುತ ಬೇರೆ ಬೇಕಿಲ್ಲ.

ಹೆಜ್ಜೆ 1: ಒಪ್ಪಂದ

ಮೊಬೈಲು ಮುಟ್ಟುವ ಮೊದಲು ಮಗುವಿನ ಜೊತೆ ಕುಳಿತು ಮೂರು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಿ. ತೂಕವನ್ನಾಗಲಿ ಕ್ಯಾಲೊರಿಯನ್ನಾಗಲಿ ಎಲ್ಲೂ ಬರೆಯುವುದಿಲ್ಲ. ಫೋಟೊ, ಲೆಕ್ಕ ಎಲ್ಲವೂ ಮಗುವಿನ ಮೊಬೈಲಿನಲ್ಲೇ ಇರುತ್ತವೆ, ಕೇಳದೆ ತೆರೆಯುವುದಿಲ್ಲ. ಕುಟುಂಬದ ವಾಟ್ಸ್‌ಆಪ್ ಗುಂಪಿಗೆ ಒಂದನ್ನೂ ಕಳಿಸುವುದಿಲ್ಲ. ಮೂರನೆಯದನ್ನು ಮುರಿಯುವ ಆಸೆ ದೊಡ್ಡವರಿಗೆ ಬಹಳ. ಸೋದರತ್ತೆಯೊಬ್ಬರು ‘ಇಷ್ಟೊಂದು ಅನ್ನವಾ’ ಎಂದು ನಗುವ ಚಿತ್ರ ಹಾಕಿದರೆ ಎಲ್ಲವೂ ಅಲ್ಲಿಗೇ ಮುಗಿಯಿತು.

ಒಪ್ಪಂದ ಎರಡೂ ಕಡೆಯದು. ನೀವೂ ಅದನ್ನೇ ಮಾಡುತ್ತೀರಿ. ಮಗಳು ತನ್ನ ಊಟದ ಫೋಟೊ ತೆಗೆದರೆ ನಾನು ನನ್ನದನ್ನು ತೆಗೆಯಬೇಕಾಗಿತ್ತು. ಸ್ಟಾಫ್ ರೂಮಿನಲ್ಲಿ ದಿನಕ್ಕೆ ಮೂರು ಸಲ ನಡೆಯುವ ಚಹಾ–ಬಿಸ್ಕತ್ತಿನ ಸಂಗತಿ ಮನೆಯವರಿಗೆ ಗೊತ್ತಾದದ್ದು ಹಾಗೆ.

ಹೆಜ್ಜೆ 2: ಒಂದು ವಾರದ ಚಿತ್ರ

ಯಾವ ಆಪೂ ಬೇಡ, ಮೊಬೈಲಿನ ಕ್ಯಾಮೆರಾ ಸಾಕು. ಗ್ಯಾಲರಿಯಲ್ಲಿ ಬೇರೆಯದೇ ಆಲ್ಬಮ್ ಮಾಡಿಸಿ. ಸೋಮವಾರದಿಂದ ಭಾನುವಾರದವರೆಗೆ ಬಾಯಿಗೆ ಹೋಗುವ ಪ್ರತಿಯೊಂದರ ಫೋಟೊ, ತಿನ್ನುವ ಮೊದಲು. ಮರೆತರೆ ಖಾಲಿ ತಟ್ಟೆಯದಾದರೂ ಸರಿ, ಪೊಟ್ಟಣದ್ದಾದರೂ ಸರಿ. ಆ ವಾರ ಏನನ್ನೂ ಬದಲಿಸಬಾರದು, ನೀವು ಒಂದು ಮಾತೂ ಆಡಬಾರದು. ಫೋಟೊದಲ್ಲಿ ಸಮಯ ತಾನಾಗಿಯೇ ದಾಖಲಾಗುತ್ತದೆ ಎನ್ನುವುದು ಈ ವಿಧಾನದ ದೊಡ್ಡ ಅನುಕೂಲ.

ಭಾನುವಾರ ಸಂಜೆ ಒಟ್ಟಿಗೆ ಕುಳಿತು ಸರಿಸುತ್ತಾ ಹೋಗಿ. ನಾಲ್ಕು ಸಂಗತಿಗಳನ್ನು ಮಾತ್ರ ನೋಡಿ: ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲಿನ ಫೋಟೊ ಎಷ್ಟು ದಿನ ಇದೆ, ಬೇಳೆ, ಕಾಳು, ಮೊಟ್ಟೆ, ಹಾಲು, ಮೀನು, ಮಾಂಸ ಇವುಗಳಲ್ಲಿ ಒಂದಾದರೂ ಎಷ್ಟು ಊಟಗಳಲ್ಲಿದೆ, ಹಸಿರು ಎಷ್ಟು ಸಲ ಕಾಣುತ್ತದೆ, ಪೊಟ್ಟಣ ಯಾವ ಹೊತ್ತಿನಲ್ಲಿ ಬರುತ್ತದೆ. ನಾಲ್ಕನೆಯದಕ್ಕೆ ಉತ್ತರ ಹೆಚ್ಚಿನ ಮನೆಗಳಲ್ಲಿ ಒಂದೇ, ಸಂಜೆ ನಾಲ್ಕರಿಂದ ಆರರ ನಡುವೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿದ ಮಗು, ಒಣಗಿದ ಚಪಾತಿಯ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ ಮಗು, ನಾಲ್ಕೂವರೆಗೆ ಹಸಿದು ಅಂಗಡಿಯ ಮುಂದೆ ನಿಂತಿರುತ್ತದೆ. ಅಲ್ಲಿ ತೂಗುವುದು ಐದು ಹತ್ತು ರೂಪಾಯಿಯ ಪೊಟ್ಟಣಗಳು. ಅದನ್ನು ನಾಲಿಗೆಯ ಚಪಲ ಎಂದು ಬೈಯುತ್ತಾ ಬಂದ ನನಗೆ, ಅದು ಬರೀ ಹಸಿವು ಎಂದು ತಿಳಿದದ್ದು ಆ ಫೋಟೊಗಳಿಂದ.

ಹಾಗಾಗಿ ಮೊದಲ ಬದಲಾವಣೆ ಅಡುಗೆಮನೆಯದು. ನಾಲ್ಕೂವರೆಗೆ ಮನೆಯಲ್ಲೋ ಚೀಲದಲ್ಲೋ ಏನಾದರೂ ಇರಬೇಕು. ಹುರಿದ ಕಡಲೆ, ಶೇಂಗಾ ಚಿಕ್ಕಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಬೆಳಗಿನ ಅವಲಕ್ಕಿ, ಒಂದು ಲೋಟ ರಾಗಿ ಅಂಬಲಿ. ಮೊಬೈಲಿಗೆ ಇಲ್ಲಿ ಇರುವ ಕೆಲಸ ಒಂದೇ, ಹಿಂದಿನ ರಾತ್ರಿ ಒಂಬತ್ತಕ್ಕೆ ‘ನಾಳೆ ಸಂಜೆಗೆ ಏನು’ ಎಂದು ನೆನಪಿಸುವ ಅಲಾರಂ. ಅದು ನಿಮ್ಮ ಮೊಬೈಲಿನಲ್ಲಿರಲಿ, ಮಗುವಿನದರಲ್ಲಿ ಅಲ್ಲ.

ಹೆಜ್ಜೆ 3: ಪೊಟ್ಟಣದ ಬೆನ್ನು ಓದುವುದು

ಮಕ್ಕಳಿಗೆ ಅತ್ಯಂತ ರುಚಿಸುವ ಹೆಜ್ಜೆ ಇದು, ಆದ್ದರಿಂದ ನಿಧಾನವಾಗಿ ಹೋಗೋಣ.

ಪೊಟ್ಟಣದ ಮುಂಭಾಗ ಜಾಹೀರಾತು, ಹಿಂಭಾಗ ಕಾನೂನು. ಹಿಂಭಾಗವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಫೋಟೊ ತೆಗೆದು ಎರಡು ಬೆರಳಿನಲ್ಲಿ ಹಿಗ್ಗಿಸಿ. ಇಂಗ್ಲಿಷ್ ಕಷ್ಟವೆನ್ನುವವರು ಗೂಗಲ್ ಲೆನ್ಸ್‌ನಲ್ಲಿ ಅನುವಾದ ಆಯ್ದುಕೊಂಡು ಕನ್ನಡ ಎಂದು ಕೊಟ್ಟರೆ ಅಕ್ಷರಗಳ ಮೇಲೆಯೇ ಕನ್ನಡ ಮೂಡುತ್ತದೆ. ಅನುವಾದ ಕೆಲವೊಮ್ಮೆ ನಗೆ ಬರಿಸುತ್ತದೆ, ಅಂಕಿಗಳು ಮಾತ್ರ ಅಂಕಿಗಳೇ. ನಮ್ಮ ಅತ್ತೆಯವರು ಈಗ ಅಂಗಡಿಗೆ ಹೋದರೆ ಮೊಮ್ಮಗಳ ಮೊಬೈಲು ಕೇಳುತ್ತಾರೆ.

ಮೊದಲು ಪದಾರ್ಥಗಳ ಪಟ್ಟಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕು ಎಂಬುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ. ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರವಿರುವ ಬಿಸ್ಕತ್ತನ್ನು ತಿರುಗಿಸಿ ನೋಡಿ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ ಎಂದಿದ್ದು, ರಾಗಿ ಎಲ್ಲೋ ಕೆಳಗೆ ಕುಳಿತಿದ್ದರೆ ಅದು ರಾಗಿಯ ವೇಷ ಹಾಕಿದ ಮೈದಾ ಬಿಸ್ಕತ್ತು. ರಾಗಿಯ ಪಕ್ಕ ಶೇಕಡಾವಾರು ಅಂಕಿ ಇದ್ದರೆ ಅದನ್ನು ಮಕ್ಕಳೇ ಗಟ್ಟಿಯಾಗಿ ಓದಲಿ. ಸಕ್ಕರೆಗೆ ಹೆಸರುಗಳು ಹಲವು: ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್. ಮಾಲ್ಟೊಡೆಕ್ಸ್‌ಟ್ರಿನ್ ಸಕ್ಕರೆಯ ಹೆಸರು ಹೊತ್ತಿಲ್ಲ, ಆದರೆ ದೇಹ ಅದನ್ನು ಬೇಗನೆ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ‘ಒಂದೇ ಪೊಟ್ಟಣದಲ್ಲಿ ಸಕ್ಕರೆ ಎಷ್ಟು ವೇಷಗಳಲ್ಲಿದೆ’ ಎಂಬ ಆಟ ನಮ್ಮ ತರಗತಿಯಲ್ಲಿ ಒಂದು ಪೂರ್ತಿ ಪೀರಿಯಡ್ ನಡೆಯಿತು.

ಆಮೇಲೆ ಪೋಷಕಾಂಶದ ಪಟ್ಟಿ. 100 ಗ್ರಾಂ ಅಥವಾ 100 ಮಿಲಿ ಲೀಟರಿಗೆ ಎಷ್ಟು ಎನ್ನುವ ಸಾಲನ್ನೇ ಹಿಡಿಯಿರಿ. ‘ಪರ್ ಸರ್ವಿಂಗ್’, ಅಂದರೆ ಒಂದು ಸಲ ಬಡಿಸುವಷ್ಟಕ್ಕೆ, ಎನ್ನುವ ಸಾಲು ಕಣ್ಣಿಗೆ ಮಣ್ಣೆರಚುತ್ತದೆ. 90 ಗ್ರಾಂ ಚಿಪ್ಸ್ ಪೊಟ್ಟಣದ ಮೇಲೆ ಒಂದು ಸರ್ವಿಂಗ್ ಎಂದರೆ 30 ಗ್ರಾಂ ಎಂದಿರಬಹುದು. ಹದಿನೈದರ ಹುಡುಗ ಆ ಪೊಟ್ಟಣವನ್ನು ಮೂರು ದಿನ ಇಟ್ಟುಕೊಂಡು ತಿಂದದ್ದನ್ನು ನಾನಂತೂ ಕಂಡಿಲ್ಲ. ಮೂರರಿಂದ ಗುಣಿಸಿ.

ಗುಣಾಕಾರವನ್ನು ಮಕ್ಕಳಿಂದಲೇ ಮಾಡಿಸಿ. ತಂಪು ಪಾನೀಯದಲ್ಲಿ 100 ಮಿಲಿ ಲೀಟರಿಗೆ 10.5 ಗ್ರಾಂ ಸಕ್ಕರೆ ಎಂದಿದ್ದು ಬಾಟಲಿ 600 ಮಿಲಿ ಲೀಟರಿನದಾದರೆ, ಒಟ್ಟು 63 ಗ್ರಾಂ. ಸಣ್ಣ ಚಮಚಕ್ಕೆ 5 ಗ್ರಾಂ ಎಂದುಕೊಂಡರೆ ಸುಮಾರು ಹನ್ನೆರಡೂವರೆ ಚಮಚ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 20ರಿಂದ 25 ಗ್ರಾಂ ಸಕ್ಕರೆಯ ಮಿತಿ ಹಾಕಿದೆ. ಅಂಕಿ ಹೇಳಿ ಬಿಡಬೇಡಿ. ಬಾಟಲಿಯ ಪಕ್ಕ ತಟ್ಟೆ ಇಟ್ಟು ಮಗುವೇ ಚಮಚದಲ್ಲಿ ಸಕ್ಕರೆ ಸುರಿಯಲಿ, ಫೋಟೊ ತೆಗೆಯಲಿ. ಆರನೆಯ ಚಮಚದ ಹೊತ್ತಿಗೆ ತರಗತಿ ಕೂಗತೊಡಗಿತ್ತು, ಹತ್ತನೆಯದಕ್ಕೆ ಸದ್ದಿಲ್ಲ.

ಉಪ್ಪಿನದು ಸ್ವಲ್ಪ ಮರೆಯ ಲೆಕ್ಕ. ಪೊಟ್ಟಣ ಹೇಳುವುದು ಸೋಡಿಯಂ ಅನ್ನು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಒಂದು ಪೊಟ್ಟಣ ನೂಡಲ್ಸ್‌ನಲ್ಲಿ 900 ಮಿಲಿಗ್ರಾಂ ಸೋಡಿಯಂ ಇದ್ದರೆ ಉಪ್ಪು 2.25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುವ ಇಡೀ ದಿನದ ಮಿತಿ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳಗಳಿಗೆ ಇಂಥ ಪಟ್ಟಿ ಮನೆಯಲ್ಲಿ ಇರುವುದಿಲ್ಲ ಎಂದು ಒಬ್ಬ ಹುಡುಗ ನೆನಪಿಸಿದ. ಸರಿಯಾದ ಮಾತು, ಮನೆಯದೆಲ್ಲ ಒಳ್ಳೆಯದು, ಅಂಗಡಿಯದೆಲ್ಲ ಕೆಟ್ಟದ್ದು ಎಂದು ಪಾಠ ಮಾಡಲು ಹೊರಟರೆ ಮಕ್ಕಳು ಹೀಗೇ ಸಿಕ್ಕಿಹಾಕಿಸುತ್ತಾರೆ.

ಮುಂಭಾಗದ ಮಾತುಗಳ ಬಗ್ಗೆ ಎರಡು ಸುದ್ದಿಗಳನ್ನು ಮಕ್ಕಳಿಗೆ ಹೇಳಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು, ಹಾಲಿಗೆ ಬೆರೆಸುವ ಪುಡಿಗಳೂ ಸೇರಿದಂತೆ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು, ಏಕೆಂದರೆ ಅಂಥ ವಿಭಾಗಕ್ಕೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಅದೇ ವರ್ಷ ಜೂನ್‌ನಲ್ಲಿ, ಗಟ್ಟಿಸಾರಕ್ಕೆ ಮತ್ತೆ ನೀರು ಬೆರೆಸಿ ಮಾಡಿದ ಹಣ್ಣಿನ ರಸದ ಮೇಲಿಂದ ‘100% ಹಣ್ಣಿನ ರಸ’ ಎಂಬ ಹೇಳಿಕೆಯನ್ನು ತೆಗೆಯುವಂತೆ ಆಹಾರ ಪ್ರಾಧಿಕಾರ ಆದೇಶಿಸಿತು. ಮನೆಯ ಕಪಾಟಿನಲ್ಲಿ ಹಳೆಯ ಡಬ್ಬವಿದ್ದರೆ ತೆಗೆದು ನೋಡಿ.

ಹೆಜ್ಜೆ 4: ಜಾಹೀರಾತಿನ ಮೇಲೆ ಗೀಚುವುದು

ಹದಿಹರೆಯದವರಿಗೆ ‘ನಲವತ್ತಕ್ಕೆ ಸಕ್ಕರೆ ಕಾಯಿಲೆ ಬರುತ್ತದೆ’ ಎಂದರೆ ನಾಟುವುದಿಲ್ಲ. ನಲವತ್ತು ಎಂದರೆ ಅವರ ಪಾಲಿಗೆ ನಾವು. ‘ನಿನ್ನನ್ನು ಯಾರೋ ಮಂಗ ಮಾಡುತ್ತಿದ್ದಾರೆ’ ಎಂದರೆ ಥಟ್ಟನೆ ತಿರುಗುತ್ತಾರೆ. ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಎಂಟನೇ ತರಗತಿಯ ಮಕ್ಕಳ ಜೊತೆ ಕ್ರಿಸ್ಟೋಫರ್ ಬ್ರಯಾನ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುರುಕಲು ತಿಂಡಿಯ ಕಂಪನಿಗಳು ಮಕ್ಕಳನ್ನು ಹೇಗೆ ಒಲಿಸಿಕೊಳ್ಳುತ್ತವೆ ಎಂದು ಮೊದಲು ಓದಲು ಕೊಟ್ಟು, ಆಮೇಲೆ ಟ್ಯಾಬ್ಲೆಟ್‌ನಲ್ಲಿ ಆಹಾರದ ಜಾಹೀರಾತುಗಳನ್ನು ತೋರಿಸಿ, ಅವುಗಳ ಮೇಲೆ ಗೀಚಿ ನಿಜ ಬರೆಯಿರಿ ಎಂದರು. ಶಾಲಾ ವರ್ಷದ ಉಳಿದ ಮೂರು ತಿಂಗಳೂ ಕ್ಯಾಂಟೀನಿನಲ್ಲಿ ಹುಡುಗರು ಅಂಥ ತಿಂಡಿ–ಪಾನೀಯ ಕೊಳ್ಳುವುದು ಕಡಿಮೆಯಾಗಿತ್ತು. ಹುಡುಗಿಯರ ಕೊಳ್ಳುವಿಕೆಯಲ್ಲಿ ಅಷ್ಟು ಸ್ಪಷ್ಟವಾದ ವ್ಯತ್ಯಾಸ ಬರಲಿಲ್ಲ ಎಂಬುದನ್ನೂ ಹೇಳಬೇಕು.

ಮಾಡುವ ಬಗೆ ಸುಲಭ. ಮಗುವಿನ ಮೊಬೈಲಿಗೆ ಬಂದ ತಿಂಡಿಯ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಗ್ಯಾಲರಿಯ ತಿದ್ದುವ ವಿಭಾಗದಲ್ಲಿ ಪೆನ್ನಿನ ಗುರುತು ಇರುತ್ತದೆ, ಅದರಿಂದ ಗೀಚಲಿ. ಶಾಲೆಯಲ್ಲಿ ಮಕ್ಕಳು ಮೊಬೈಲು ತರುವಂತಿಲ್ಲ. ನಾನು ನನ್ನ ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸಿ ಒಬ್ಬೊಬ್ಬರನ್ನೇ ಕರೆದೆ. ಚಿಪ್ಸ್ ಜಾಹೀರಾತಿನ ಮೇಲೆ ಒಬ್ಬ ಬರೆದದ್ದು: ‘ಅರ್ಧ ಗಾಳಿಗೆ ಹತ್ತು ರೂಪಾಯಿ’. ಕ್ರಿಕೆಟಿಗನೊಬ್ಬ ಪಾನೀಯ ಹಿಡಿದ ಚಿತ್ರದ ಕೆಳಗೆ ಒಬ್ಬಳು: ‘ಇವನು ಕುಡಿಯುವುದಿಲ್ಲ, ಕುಡಿಸುತ್ತಾನೆ’. ಆ ವಾರ ನಾನು ಬೇರೆ ಉಪದೇಶ ಮಾಡಲಿಲ್ಲ, ಅಗತ್ಯ ಬೀಳಲಿಲ್ಲ.

ಇದರ ಬೆನ್ನಿಗೇ ಮೊಬೈಲಿನ ಒಳಗೆ ಸ್ವಲ್ಪ ಕಸ ಗುಡಿಸಿ. ಊಟ ತರಿಸುವ ಆಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಆಪ್ ತೆಗೆಯಬೇಕಿಲ್ಲ, ಅದು ತಾನಾಗಿ ಕರೆಯದಿದ್ದರೆ ಸಾಕು. ಸಂಜೆ ಏಳಕ್ಕೆ, ರಾತ್ರಿ ಹತ್ತಕ್ಕೆ ‘ಹಸಿವಾಯಿತೇ’ ಎಂದು ಕೇಳುವುದು ತಾಯಿಯ ಪ್ರೀತಿಯಿಂದಲ್ಲ. ಯೂಟ್ಯೂಬ್‌ನಲ್ಲಿ ಹತ್ತು ಬರ್ಗರ್ ಒಂದೇ ಸಲಕ್ಕೆ ತಿನ್ನುವ ವಿಡಿಯೊ ಬಂದರೆ ಮೂರು ಚುಕ್ಕಿ ಒತ್ತಿ ‘ಆಸಕ್ತಿ ಇಲ್ಲ’ ಎಂದು ಕೊಡಬಹುದು. ಗೂಗಲ್ ಖಾತೆಯಲ್ಲಿ ವೈಯಕ್ತಿಕ ಆಸಕ್ತಿಗೆ ತಕ್ಕ ಜಾಹೀರಾತನ್ನು ನಿಲ್ಲಿಸುವ ಗುಂಡಿಯಿದೆ. ಮಗು ತಾನೇ ಇವನ್ನು ಒತ್ತಬೇಕು, ನೀವು ಪಕ್ಕದಲ್ಲಿರಿ.

ಹೆಜ್ಜೆ 5: ಯುಪಿಐ ಎಂಬ ಊಟದ ಡೈರಿ

ಪಿಯುಸಿ ಮಕ್ಕಳಿಗೆ ಇದು. ತಿಂಗಳ ಕೊನೆಗೆ ಹಣ ಪಾವತಿಯ ಆಪ್‌ನಲ್ಲಿ ಇತಿಹಾಸ ತೆಗೆದು, ಬೇಕರಿ, ಚಾಟ್ ಗಾಡಿ, ಜ್ಯೂಸ್ ಅಂಗಡಿಗಳಿಗೆ ಹೋದದ್ದನ್ನು ಕೂಡಿಸಲಿ. ದೇಹದ ಲೆಕ್ಕಕ್ಕೆ ಬಗ್ಗದವರು ದುಡ್ಡಿನ ಲೆಕ್ಕಕ್ಕೆ ಬಗ್ಗುತ್ತಾರೆ. ಮೊತ್ತ ಗೊತ್ತಾದ ಮೇಲೆ ಕಡಿತ ಮಾಡಬೇಡಿ. ‘ಇದರಲ್ಲಿ ಅರ್ಧ ಉಳಿದರೆ ಶೂ ನಿನ್ನದು’ ಎಂದು ಬಿಡಿ.

ಹೆಜ್ಜೆ 6: ನೋಡುಗರನ್ನು ಒಲೆಯ ಮುಂದೆ ನಿಲ್ಲಿಸುವುದು

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಅಡುಗೆಯ ವಿಡಿಯೊ ನೋಡುವುದು ಹೊಟ್ಟೆ ತುಂಬಿಸುವುದಿಲ್ಲ. ಮಕ್ಕಳು ನೂರು ಪಾಕವಿಧಾನ ನೋಡಿ ಒಂದು ಚಹಾ ಕಾಯಿಸಿರುವುದಿಲ್ಲ. ಆದ್ದರಿಂದ ನೋಡುವ ಬದಲು ತೆಗೆಯಲು ಹಚ್ಚಿ.

ಅಜ್ಜಿಯೋ ದೊಡ್ಡಮ್ಮನೋ ಅಡುಗೆ ಮಾಡುವಾಗ ಮಗು ವಿಡಿಯೊ ತೆಗೆಯಬೇಕು. ಊರಲ್ಲಿದ್ದರೆ ವಿಡಿಯೊ ಕರೆ ಸಾಕು. ನಿಯಮ ಒಂದೇ, ‘ಒಂದು ಹಿಡಿ’, ‘ಕಣ್ಣಳತೆ’, ‘ಘಮ ಬರುವವರೆಗೆ’ ಎಂದಾಗಲೆಲ್ಲ ನಿಲ್ಲಿಸಿ ಅಳೆದು ಬರೆದುಕೊಳ್ಳಬೇಕು. ನಮ್ಮ ಮನೆಯಲ್ಲಿ ಅತ್ತೆಯವರ ಒಂದು ಹಿಡಿ ಹುರುಳಿಕಾಳು ಅಡುಗೆ ತಕ್ಕಡಿಯಲ್ಲಿ 45 ಗ್ರಾಂ ತೂಗಿತು. ‘ಅಜ್ಜಿ, ನಿಮ್ಮ ಕೈ ದೊಡ್ಡದು, ನನ್ನ ಕೈಯಲ್ಲಿ ಎರಡು ಹಿಡಿ ಆಗುತ್ತದೆ’ ಎಂದು ಮಗಳು, ‘ಹಾಗಾದರೆ ನೀನೇ ಹಾಕು, ನಾನು ನೋಡುತ್ತೇನೆ’ ಎಂದು ಅವರು. ಆ ದಿನದ ಮೊಳಕೆ ಹುರುಳಿ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಎಲ್ಲರೂ ತಿಂದೆವು.

ಶುರುವಿಗೆ ಏನನ್ನು ಆರಿಸಬೇಕು? ಅರ್ಧ ಗಂಟೆಯೊಳಗೆ ಮುಗಿಯುವ, ಮಗುವಿಗೆ ಮೊದಲೇ ರುಚಿ ಗೊತ್ತಿರುವ ಅಡುಗೆ. ಹೆಸರುಬೇಳೆ ಕೋಸಂಬರಿಗೆ ಒಲೆಯೂ ಬೇಡ, ಬೇಳೆ ನೆನೆಯುವವರೆಗೆ ಕಾದರೆ ಆಯಿತು. ಉತ್ತರ ಕರ್ನಾಟಕದವರಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇವೆ. ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ, ರೊಟ್ಟಿಯ ಜೊತೆ ಯಾವ ಜಾಮ್‌ಗೂ ಕಡಿಮೆಯಲ್ಲ. ಮೊಟ್ಟೆ ತಿನ್ನುವ ಮನೆಯಲ್ಲಿ ಈರುಳ್ಳಿ, ನುಗ್ಗೆಸೊಪ್ಪು ಹಾಕಿದ ಮೊಟ್ಟೆ ಪಲ್ಯ. ಮುದ್ದೆ ತಿರುವುವುದು ಸ್ವಲ್ಪ ಮುಂದಿನ ಪಾಠ, ಗಂಟಾಗದಂತೆ ಮಾಡಲು ನನಗೇ ಮೂವತ್ತು ದಾಟಬೇಕಾಯಿತು. ಅಲ್ಲಿಯವರೆಗೆ ರಾಗಿ ರೊಟ್ಟಿ.

ಪೋಷಕಾಂಶದ ಅಂಕಿ ಬೇಕೆನ್ನುವ ಮಕ್ಕಳಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೊರತಂದ ‘ನ್ಯೂಟ್ರಿಫೈ ಇಂಡಿಯಾ ನೌ’ ಆಪ್ ಇದೆ. ಅದನ್ನು ನಿಘಂಟಿನಂತೆ ಬಳಸಿ, ಡೈರಿಯಂತೆ ಅಲ್ಲ. ದಿನಕ್ಕೊಂದು ಪ್ರಶ್ನೆ ಸಾಕು. ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ? ಅದೇ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ, ಹಾಲಿನದರ ಸುಮಾರು ಮೂರು ಪಟ್ಟು. 13ರಿಂದ 15 ವರ್ಷದವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಇಂಥ ಒಂದು ಅಂಕಿ ತಲೆಗೆ ಹೋದ ಮೇಲೆ ಮುದ್ದೆ ‘ಹಳ್ಳಿಯವರ ಊಟ’ ಆಗಿ ಉಳಿಯುವುದಿಲ್ಲ.

ಜಿಮ್ ಹುಡುಗರ ವಿಷಯ

ಇನ್‌ಸ್ಟಾಗ್ರಾಮ್ ನೋಡಿ ಪ್ರೋಟೀನ್ ಪುಡಿ ಕೇಳುವ ಹುಡುಗರು ಪ್ರತಿ ತರಗತಿಯಲ್ಲಿ ಇಬ್ಬರಾದರೂ ಇದ್ದಾರೆ. ಬೇಡ ಎನ್ನುವ ಬದಲು ಮೊಬೈಲಿನಲ್ಲೇ ಲೆಕ್ಕ ಹಾಕಿಸಿ. 16ರಿಂದ 18 ವರ್ಷದ ಹುಡುಗನಿಗೆ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ದಿನಕ್ಕೆ 55 ಗ್ರಾಂ ಪ್ರೋಟೀನ್. ಎರಡು ಮೊಟ್ಟೆಗೆ ಸುಮಾರು 12, ಎರಡು ಲೋಟ ಹಾಲಿಗೆ ಹತ್ತಿರಹತ್ತಿರ 15, ಒಂದು ಹಿಡಿ ಶೇಂಗಾಕ್ಕೆ 7, ಎರಡು ಹೊತ್ತಿನ ಬೇಳೆ ಸಾರಿಗೆ 12, ಉಳಿದದ್ದು ಅನ್ನ, ರಾಗಿ, ಜೋಳದಿಂದ. ಆಯಿತಲ್ಲ. ಆಮೇಲೆ ಪುಡಿಯ ಡಬ್ಬದ ಬೆಲೆ ಹುಡುಕಲಿ, ಅದೇ ದುಡ್ಡಿಗೆ ಎಷ್ಟು ಡಜನ್ ಮೊಟ್ಟೆ ಎಂದು ಭಾಗಿಸಲಿ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು 2024ರ ಮಾರ್ಗಸೂಚಿಯೂ ಹೇಳಿದೆ, ಆದರೆ ಹುಡುಗರು ಒಪ್ಪಿದ್ದು ಮೊಟ್ಟೆಯ ಭಾಗಾಕಾರಕ್ಕೆ.

ಹೆಜ್ಜೆ 7: ಎರಡು ಅಲಾರಂಗಳು

ಒಂದು, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗೆ. ಬಹಳ ಮಕ್ಕಳು ಖಾಲಿ ಹೊಟ್ಟೆಗೆ ನುಂಗಿ ವಾಕರಿಕೆಯಾಗಿ ಮುಂದಿನ ವಾರದಿಂದ ಜೇಬಿಗೆ ಹಾಕಿಕೊಳ್ಳುತ್ತಾರೆ. ‘ಊಟ ಮಾಡಿ ಆಮೇಲೆ’ ಎಂದು ಅಲಾರಂನ ಹೆಸರಿನಲ್ಲೇ ಬರೆದಿಡಿ. ಇನ್ನೊಂದು, ಚಹಾ–ಕಾಫಿಗೆ. ಊಟದ ಜೊತೆ ಕುಡಿದರೆ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅಡ್ಡಿ. ಊಟಕ್ಕೆ ಮೊದಲೂ ಅನಂತರವೂ ಒಂದು ಗಂಟೆ ಬಿಡಬೇಕು. ಪಲ್ಯಕ್ಕೆ ಹಿಂಡಿದ ನಿಂಬೆ ತದ್ವಿರುದ್ಧ ಕೆಲಸ ಮಾಡುತ್ತದೆ.

ಹೆಜ್ಜೆ 8: ಶಾಲೆಯ ಗೇಟು

2020ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಮೊಬೈಲಿನ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯವಿದೆ. ಮಕ್ಕಳು ಶಾಲೆಯ ಸುತ್ತ 50 ಮೀಟರಿನ ನಕ್ಷೆ ಬರೆದು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಬಹುದು. ಗಾಡಿಯವರ ಹೊಟ್ಟೆಯ ಮೇಲೆ ಹೊಡೆಯುವುದು ಉದ್ದೇಶವಲ್ಲ. ನಮ್ಮ ಶಾಲೆಯ ಎದುರಿನವರು ಕೇಳಿದ ಮೇಲೆ ಸೌತೆಕಾಯಿ, ಬೇಯಿಸಿದ ಶೇಂಗಾ ಇಟ್ಟರು. ಪಾನೀಯಗಳ ಸಕ್ಕರೆ ಪ್ರಮಾಣ ತೋರಿಸುವ ‘ಶುಗರ್ ಬೋರ್ಡ್’ ಹಾಕಬೇಕೆಂದು ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ಬೇರೆ ಶಾಲೆಗಳು ಅದಕ್ಕೆ ಕಾಯಬೇಕಿಲ್ಲ, ಮೂರನೇ ಹೆಜ್ಜೆಯ ಫೋಟೊಗಳನ್ನು ಅಂಟಿಸಿದರೆ ಬೋರ್ಡ್ ಸಿದ್ಧ. ಸರ್ಕಾರಿ ಶಾಲೆಯ ಬಿಸಿಯೂಟ, ಹಾಲು, ರಾಗಿ ಮಾಲ್ಟ್, ಮೊಟ್ಟೆಗಳನ್ನು ‘ಬಡವರ ಊಟ’ ಎಂದು ಬಿಡುವ ಮಕ್ಕಳಿಗೆ ಅವುಗಳದ್ದೂ ಅದೇ ಬೋರ್ಡಿನ ಮೇಲೆ ಬರಲಿ.

ಎಐ ಚಾಟ್ ಕೇಳುವ ಮಕ್ಕಳಿಗೆ

ಕೇಳುತ್ತಾರೆ, ತಡೆಯಲಾಗದು. ಕೇಳುವ ಬಗೆ ಕಲಿಸಿ. ‘ತಿಂಗಳಲ್ಲಿ ಹತ್ತು ಕಿಲೊ ಇಳಿಸುವುದು ಹೇಗೆ’ ಎನ್ನುವುದು ಕೇಳಬಾರದ ಪ್ರಶ್ನೆ. ‘ಮನೆಯಲ್ಲಿ ಅವರೆಕಾಳು, ಟೊಮೆಟೊ, ಅನ್ನ ಇದೆ, ಇಪ್ಪತ್ತು ನಿಮಿಷದಲ್ಲಿ ಏನು ಮಾಡಲಿ’ ಎನ್ನುವುದು ಕೇಳಬಹುದಾದ ಪ್ರಶ್ನೆ. ಬಂದ ಉತ್ತರವನ್ನು ಒಲೆಗೆ ಇಡುವ ಮೊದಲು ಮನೆಯ ಹಿರಿಯರಿಗೆ ಒಮ್ಮೆ ಓದಿ ಹೇಳಲಿ. ಅಂಕಿಯಲ್ಲಿ, ಔಷಧದ ಮಾತಿನಲ್ಲಿ ಅದು ಧೈರ್ಯವಾಗಿ ತಪ್ಪು ಹೇಳುತ್ತದೆ.

ಎಲ್ಲವನ್ನೂ ನಿಲ್ಲಿಸಬೇಕಾದ ಹೊತ್ತು

ಮಗು ಊಟ ತಪ್ಪಿಸಲು ನೆಪ ಹುಡುಕುತ್ತಿದ್ದರೆ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಕದ್ದು ತಿನ್ನುತ್ತಿದ್ದರೆ, ಕನ್ನಡಿಯ ಮುಂದೆ ಅಳುತ್ತಿದ್ದರೆ, ಹುಡುಗಿಯ ಮುಟ್ಟು ನಿಂತಿದ್ದರೆ ಫೋಟೊ, ಲೆಕ್ಕ, ಆಟ ಎಲ್ಲವನ್ನೂ ಅಲ್ಲಿಗೇ ಬಿಡಿ. ಅದು ಹಟವಲ್ಲ, ಕಾಯಿಲೆ ಇರಬಹುದು. ಮಕ್ಕಳ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಆಪ್‌ಗಳಿಗೆ ಮಗುವಿನ ವಯಸ್ಸು ಸುಳ್ಳು ಹೇಳಿ ಖಾತೆ ತೆರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿಯುವುದಕ್ಕೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದಕ್ಕೂ ಆ ಕಾಯ್ದೆ ತಡೆ ಒಡ್ಡುತ್ತದೆ. ಹುಟ್ಟಿದ ವರ್ಷ ಬದಲಿಸಿದ ಕ್ಷಣ ಆ ರಕ್ಷಣೆಯನ್ನು ನೀವೇ ಕಿತ್ತುಕೊಂಡಂತೆ.

ಹೆಜ್ಜೆ 9: ಮೂರು ತಿಂಗಳ ನಂತರ

ಎರಡನೇ ಹೆಜ್ಜೆಯ ವಾರವನ್ನು ಮತ್ತೆ ಮಾಡಿ, ಎರಡು ಆಲ್ಬಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಬೆಳಗಿನ ತಿಂಡಿಯ ಫೋಟೊ ಎರಡರಿಂದ ಐದಕ್ಕೆ ಏರಿತ್ತು. ಸಂಜೆಯ ಪೊಟ್ಟಣಗಳು ಆರರಿಂದ ಎರಡಕ್ಕೆ ಇಳಿದಿದ್ದವು. ಸೊಪ್ಪು ಇದ್ದಲ್ಲೇ ಇತ್ತು, ಅದರಲ್ಲಿ ಸೋತೆ. ಶುಕ್ರವಾರದ ಪಾನಿಪೂರಿ ಎರಡೂ ವಾರಗಳಲ್ಲಿದೆ. ಎರಡನೆಯ ವಾರದ ಫೋಟೊದಲ್ಲಿ ದೊನ್ನೆ ಹಿಡಿದಿರುವುದು ನನ್ನ ಕೈ.